ಶವ ಸಿಕ್ಕದ ಸಾವುಗಳ ಗಣಿತ

(ಮಾತನಾಡುವವರು ಇಬ್ಬರು: ಕಾಲೇಜಿನಲ್ಲಿ ಗಣಿತ ಪಾಠ ಹೇಳಿ ನಿವೃತ್ತರಾದ ಭಾವ ಮತ್ತು ಅವರ ಹೆಂಡತಿಯ ತಮ್ಮನಾದ, ಹೊನ್ನಾವರದಲ್ಲಿ ವಕೀಲಿ ನಡೆಸುವ ಮೈದುನ.)

ಮೈದುನ: ಭಾವ, ನೀವು ಕೊಟ್ಟಿದ್ದ ಲೇಖನಗಳನ್ನು ಓದಿದೆ, ಓದಿದಷ್ಟೂ ನನ್ನ ಸಂಶಯ ಬಲಿಯಿತು. ಸಮುದ್ರದ ಮಾಲಿನ್ಯದಿಂದ ಇಷ್ಟು ಆಮೆಗಳು ಸತ್ತವೆಂದು ಹೇಳತಕ್ಕವನು ಆ ಆಮೆಗಳನ್ನು ಕಂಡವನಲ್ಲ, ಅವುಗಳ ಹೆಣವನ್ನು ಎಣಿಸಿದವನೂ ಅಲ್ಲ. ಮೇಜಿನ ಮುಂದೆ ಕುಳಿತು ಅಂಕಿಗಳ ಒಂದು ಚೌಕವನ್ನು ಬರೆದು, ಅದನ್ನು ಮತ್ತೆ ಮತ್ತೆ ಗುಣಿಸುತ್ತ ಹೋಗಿ, ಇನ್ನು ಐವತ್ತು ವರ್ಷಕ್ಕೆ ಇಷ್ಟು ಉಳಿದಾವು ಎಂದು ಪ್ರಮಾಣಮಾಡಿದಂತೆ ನುಡಿಯುತ್ತಾನೆ. ಇಂಥ ಸಾಕ್ಷಿ ನಮ್ಮ ಕೋರ್ಟಿನಲ್ಲಿ ಕಟಕಟೆ ಹತ್ತಿದರೆ ಪಾಟೀಸವಾಲಿಗೆ ಐದು ನಿಮಿಷ ನಿಲ್ಲಲಾರ.

ಭಾವ: ಹತ್ತಿಸಿ ನೋಡು. ಆದರೆ ಸವಾಲು ಹಾಕುವ ಮುನ್ನ ಅವನು ಹೇಳಿದ್ದೆಷ್ಟು, ನೀನು ಅವನ ಬಾಯಲ್ಲಿ ಹಾಕಿದ್ದೆಷ್ಟು ಎಂಬುದನ್ನು ಬೇರ್ಪಡಿಸಿಕೊಳ್ಳಬೇಕು. ಐವತ್ತು ವರ್ಷದ ಮೇಲೆ ಇಷ್ಟು ಉಳಿಯುತ್ತವೆ ಎಂದು ಅವನು ಭವಿಷ್ಯ ನುಡಿಯಲಿಲ್ಲ. ಇಂದಿನ ಜನನ ಮರಣಗಳ ಪ್ರಮಾಣ ಹೀಗೆಯೇ ನಡೆದುಕೊಂಡು ಹೋದುದಾದರೆ ಇಂಥದು ಸಂಭವಿಸುತ್ತದೆ ಎಂದನಷ್ಟೆ. ಆ 'ಆದರೆ'ಯನ್ನು ಬಿಟ್ಟು ಓದಿದವನಿಗೆ ಈ ಶಾಸ್ತ್ರವೆಲ್ಲ ಕಣಿಯಂತೆ ಕೇಳಿಸುತ್ತದೆ.

ಮೈದುನ: ಒಪ್ಪಿದೆ, ಷರತ್ತಿನ ಹೇಳಿಕೆ. ಆ ಚೌಕ ಯಾವುದು, ಅದನ್ನು ವಿವರಿಸಿ.

ಭಾವ: ಅದರ ಹೆಸರು ಮಾತೃಕೆ. 1945ರಲ್ಲಿ ಆಕ್ಸ್‌ಫರ್ಡಿನಲ್ಲಿದ್ದ ಲೆಸ್ಲಿ ಎಂಬಾತ ಪ್ರಾಣಿಸಮುದಾಯವೊಂದನ್ನು ವಯಸ್ಸಿನ ಪ್ರಕಾರ ಪಂಕ್ತಿಗಳಾಗಿ ವಿಂಗಡಿಸಿ, ಪ್ರತಿಯೊಂದು ಪಂಕ್ತಿಯಿಂದ ಮುಂದಿನದಕ್ಕೆ ವರ್ಷವೊಂದರಲ್ಲಿ ಎಷ್ಟು ಪಾಲು ದಾಟುತ್ತದೆ, ಎಷ್ಟು ಮರಿ ಹುಟ್ಟುತ್ತದೆ ಎಂಬುದನ್ನು ಒಂದು ಕೋಷ್ಟಕದಲ್ಲಿ ಅಡಕಮಾಡುವ ಕ್ರಮವನ್ನು ನಿರೂಪಿಸಿದನು. ಬದುಕಿರುವ ಕಡಲಾಮೆಯ ವಯಸ್ಸನ್ನು ನೋಡಿ ಹೇಳುವ ಉಪಾಯವಿಲ್ಲವಾದ್ದರಿಂದ, ಆಮೆಯ ವಿಷಯದಲ್ಲಿ ವಯಸ್ಸಿನ ಬದಲು ಚಿಪ್ಪಿನ ಉದ್ದದಿಂದ ಗುರುತಿಸಬಹುದಾದ ಹಂತಗಳನ್ನೇ ಹಿಡಿಯಬೇಕಾಯಿತು. ಹಂತಗಳ ಮಾತೃಕೆಗೆ ದಾರಿ ಮಾಡಿಕೊಟ್ಟವನು 1965ರಲ್ಲಿ ಲೆಫ್ಕೋವಿಚ್. ಈ ಸಾಧನವನ್ನು ಹಿಡಿದು ಡೆಬೊರಾ ಕ್ರೌಸ್, ಲ್ಯಾರಿ ಕ್ರೌಡರ್, ಹಾಲ್ ಕ್ಯಾಸ್ವೆಲ್ ಎಂಬ ಮೂವರು ಅಮೆರಿಕದ ಆಗ್ನೇಯ ತೀರದ ಲಾಗರ್‌ಹೆಡ್ ಆಮೆಯ ಬಾಳನ್ನು ಏಳು ಹಂತಗಳಲ್ಲಿ ಬರೆದು 1987ರಲ್ಲಿ ಪ್ರಕಟಿಸಿದರು. ಮೊದಲ ವರ್ಷದ ಮೊಟ್ಟೆ ಮರಿಗಳು. ಏಳು ವರ್ಷದವರೆಗಿನ ಎಳೆಯವು. ಎಂಟರಿಂದ ಹದಿನೈದರವರೆಗಿನ ದೊಡ್ಡ ಎಳೆಯವು. ಇಪ್ಪತ್ತೊಂದರವರೆಗೆ ಪ್ರಾಯಕ್ಕೆ ಬರುತ್ತಿರುವವು. ಆಮೇಲೆ ಮೊಟ್ಟೆಯಿಡುವ ತಾಯಂದಿರ ಮೂರು ಹಂತ. ಆ ಲೆಕ್ಕದಲ್ಲಿ ಈ ಪ್ರಾಣಿ ಮೊದಲ ಬಾರಿಗೆ ಮೊಟ್ಟೆಯಿಡುವುದು ಇಪ್ಪತ್ತೆರಡನೆಯ ವರ್ಷದಲ್ಲಿ ಎಂಬುದನ್ನು ಮನಸ್ಸಿನಲ್ಲಿಡು. ಮುಂದಿನ ಮಾತೆಲ್ಲ ಆ ದೀರ್ಘವಾದ ಕಾಯುವಿಕೆಯ ಮೇಲೆಯೇ ನಿಂತಿದೆ.

ಮೈದುನ: ಫಲಿತಾಂಶ?

ಭಾವ: ಮಾತೃಕೆಯಿಂದ ಹೊರಡುವ ಮುಖ್ಯ ಸಂಖ್ಯೆ ಒಂದುಂಟು, ಅದನ್ನು ಲಾಮ್ಡಾ ಎಂಬ ಗ್ರೀಕ್ ಅಕ್ಷರದಿಂದ ಸೂಚಿಸುತ್ತಾರೆ. ಅದು ಒಂದಕ್ಕಿಂತ ಹೆಚ್ಚಾದರೆ ಸಂತತಿ ಬೆಳೆಯುತ್ತದೆ, ಕಡಮೆಯಾದರೆ ಕ್ಷೀಣಿಸುತ್ತದೆ. ಇವರಿಗೆ ಬಂದದ್ದು 0.945, ಎಂದರೆ ಪ್ರತಿವರ್ಷವೂ ನೂರಕ್ಕೆ ಐದೂವರೆ ಕಡಮೆಯಾಗುತ್ತ, ಹನ್ನೆರಡು ವರ್ಷ ಕಳೆಯುವ ವೇಳೆಗೆ ಅರ್ಧವಾಗುವ ಸಂತತಿ. ಆದರೆ ಆ ಲೇಖನದ ಮಹತ್ತ್ವ ಇರುವುದು ಈ ಅಂಕಿಯಲ್ಲಲ್ಲ. ಯಾವ ಹಂತದ ಮರಣವನ್ನು ತಗ್ಗಿಸಿದರೆ ಲಾಮ್ಡಾ ಎಷ್ಟು ಏರುತ್ತದೆ ಎಂದು ಅವರು ಒಂದೊಂದಾಗಿ ಪರೀಕ್ಷಿಸಿದರು. ಅಂದಿನವರೆಗೆ ಎಲ್ಲರ ಕರುಣೆಯೂ ಎಲ್ಲರ ಹಣವೂ ಹರಿದದ್ದು ದಡದ ಮೊಟ್ಟೆಗಳ ಕಡೆಗೆ. ಮಾತೃಕೆಯಾದರೋ, ಒಂದು ಮೊಟ್ಟೆಯೂ ಕೆಡದೆ, ಮೊದಲ ವರ್ಷದಲ್ಲಿ ಒಂದು ಮರಿಯೂ ಸಾಯದೆ ಉಳಿದರೂ ಈ ಸಂತತಿಯ ಇಳಿತ ನಿಲ್ಲದು ಎಂದಿತು. ದೊಡ್ಡ ಎಳೆಯವುಗಳಲ್ಲಿ ವರ್ಷಕ್ಕೆ ನೂರಕ್ಕೆ ಅರವತ್ತೆಂಟು ಬದುಕುತ್ತಿದ್ದುದನ್ನು ಎಪ್ಪತ್ತೇಳಕ್ಕೆ ಏರಿಸಿದ್ದೇ ಆದರೆ, ಬೇರೆಲ್ಲವೂ ಇದ್ದಂತೆಯೇ ಇದ್ದರೂ, ಅದು ಮೇಲೆ ತಿರುಗುತ್ತದೆ ಎಂದೂ ಹೇಳಿತು. ಆ ವಯಸ್ಸಿನವು ಸಾಯುತ್ತಿದ್ದುದು ಸೀಗಡಿಯ ಟ್ರಾಲ್ ಬಲೆಗಳಲ್ಲಿ ಮುಳುಗಿ, ಉಸಿರುಗಟ್ಟಿ. ಬಲೆಯೊಳಗೆ ಕಂಬಿಗಳ ಒಂದು ಜಾಲರಿಯನ್ನಿಟ್ಟು, ಸೀಗಡಿ ಒಳಗೆ ಸರಿದುಹೋಗಿ ಆಮೆ ಮಾತ್ರ ಪಕ್ಕದ ಕಂಡಿಯಿಂದ ಹೊರಬೀಳುವಂತೆ ಮಾಡುವ 'ಟೆಡ್' ಎಂಬ ಸಾಧನವನ್ನು ಕಡ್ಡಾಯಮಾಡಬೇಕೆಂಬ ವಾದಕ್ಕೆ ಇದಕ್ಕಿಂತ ದೊಡ್ಡ ಆಧಾರ ಬೇಕಿರಲಿಲ್ಲ.

ಮೈದುನ: ಹಾಗಾದರೆ ನಮ್ಮ ಕಾಸರಕೋಡಿನ ಮರಳಿನಲ್ಲಿ ಮೀನುಗಾರರೂ ಅರಣ್ಯ ಇಲಾಖೆಯವರೂ ಗೂಡಿಗೆ ಬೇಲಿ ಹಾಕಿ, ಮರಿಗಳನ್ನು ನೀರಿಗೆ ಬಿಟ್ಟು, ನಾವೆಲ್ಲ ನಿಂತು ಚಪ್ಪಾಳೆ ತಟ್ಟುವುದು ವ್ಯರ್ಥವೋ?

ಭಾವ: ಹಾಗೆಂದು ನಾನು ಹೇಳಿದೆನೆ? ಮೊಟ್ಟೆಯೇ ಇಲ್ಲದಿದ್ದರೆ ಉಳಿಸುವುದಕ್ಕೆ ಎಳೆಯದೆಲ್ಲಿಂದ ಬರಬೇಕು? ಮೇಲಾಗಿ ನಮ್ಮ ದಡಕ್ಕೆ ಬರುವುದು ಆಲಿವ್ ರಿಡ್ಲೆ. ಜಾರ್ಜಿಯಾದ ಲಿಟಲ್ ಕಂಬರ್ಲೆಂಡ್ ದ್ವೀಪದ ಲಾಗರ್‌ಹೆಡ್ ತಾಯಂದಿರನ್ನು ವರ್ಷಾನುವರ್ಷ ಗುರುತಿಸಿ ಪಡೆದ ಅಂಕಿಗಳನ್ನು ಅನಾಮತ್ತಾಗಿ ಎತ್ತಿ ತಂದು ಇದರ ತಲೆಗೆ ಕಟ್ಟುವುದು ಗಣಿತವಾಗದು. ನಾನು ಹೇಳಿದ್ದು ಇಷ್ಟೆ: ಕಣ್ಣಿಗೆ ಕಾಣುವ ಹಂತವೂ ನಿರ್ಣಾಯಕವಾದ ಹಂತವೂ ಒಂದೇ ಆಗಿರಬೇಕಾಗಿಲ್ಲ.

ಮೈದುನ: ನೀವು ಇಷ್ಟು ಹೊತ್ತು ಹೇಳಿದ್ದು ಬಲೆಯ ಮಾತು. ಬಲೆಯಲ್ಲಿ ಸತ್ತ ಆಮೆ ಬಲೆಯಲ್ಲೇ ಇರುತ್ತದೆ. ಕೊಂದವನೂ ದೋಣಿಯಲ್ಲೇ ಇರುತ್ತಾನೆ. ಮಾಲಿನ್ಯದ ಮಾತಿಗೆ ಬನ್ನಿ.

ಭಾವ: ಅಲ್ಲಿಯೇ ಕಷ್ಟವಿರುವುದು. ಮರಿ ಅಲೆ ದಾಟಿ ಹೋದ ಮೇಲೆ ಕೆಲವು ವರ್ಷ ಯಾರ ಕಣ್ಣಿಗೂ ಬೀಳದು. ಆ ಕಾಲವನ್ನು ಅಮೆರಿಕದ ಆರ್ಚಿ ಕಾರ್ ಎಂಬ ಮಹಾನುಭಾವ, ಆಮೆಗಳಿಗಾಗಿಯೇ ಬದುಕಿದಂಥವನು, 'ಕಳೆದುಹೋದ ವರ್ಷಗಳು' ಎಂದು ಕರೆದನು. ಎರಡು ಪ್ರವಾಹಗಳು ಸೇರುವ ಕಡೆ ತೇಲುಪಾಚಿ ಸಾಲುಗಟ್ಟುತ್ತದೆ, ಅದರ ನಡುವೆ ಎಳೆಯಾಮೆಗೆ ಆಹಾರವೂ ಮರೆಯೂ ದೊರೆಯುತ್ತವೆ. ಆದರೆ ಪಾಚಿಯನ್ನು ಅಲ್ಲಿ ಕೂಡಿಸುವ ಪ್ರವಾಹವೇ ಡಾಂಬರಿನ ಉಂಡೆಗಳನ್ನೂ ಪ್ಲಾಸ್ಟಿಕ್ಕನ್ನೂ ಅಲ್ಲಿಗೇ ತಂದು ಕೂಡಿಸುತ್ತದೆ. ತಾನು ತೀರಿಕೊಂಡ 1987ನೆಯ ಇಸವಿಯಲ್ಲಿಯೇ ಕಾರ್ ಈ ಕೊಳೆಯದ ಕಸವನ್ನು ಕುರಿತು ಎಚ್ಚರಿಕೆ ಬರೆದಿದ್ದನು. ಇತ್ತೀಚಿನ ಇನ್ನೊಂದು ಶೋಧನೆಯಂತೂ ನನಗೆ ಕ್ರೂರವಾದ ಹಾಸ್ಯವೆಂದೇ ತೋರಿತು: ಸಮುದ್ರದಲ್ಲಿ ನೆನೆದು ಪಾಚಿ ಹತ್ತಿದ ಪ್ಲಾಸ್ಟಿಕ್ಕಿಗೆ ಆಹಾರದ ವಾಸನೆಯೇ ಬರುತ್ತದಂತೆ, ಪರೀಕ್ಷೆಗಿಟ್ಟ ಆಮೆಗಳು ಊಟದ ವಾಸನೆಗೆ ಮೂಗೆತ್ತಿದ ಹಾಗೆಯೇ ಅದಕ್ಕೂ ಮೂಗೆತ್ತಿದವಂತೆ.

ಮೈದುನ: ತಿಂದವು ಎಂಬುದು ಒಂದು, ತಿಂದದ್ದರಿಂದ ಸತ್ತವು ಎಂಬುದು ಬೇರೊಂದು. ಇವೆರಡರ ನಡುವಣ ಸೇತುವೆ ಎಲ್ಲಿದೆ?

ಭಾವ: 2018ರಲ್ಲಿ ಆಸ್ಟ್ರೇಲಿಯದ ಕ್ರಿಸ್ ವಿಲ್‌ಕಾಕ್ಸ್ ಮತ್ತು ಸಂಗಡಿಗರು ಕಟ್ಟಲು ನೋಡಿದ್ದು ಆ ಸೇತುವೆಯನ್ನೇ. ಸುಮಾರು ಸಾವಿರ ಆಮೆಗಳ ಶವಪರೀಕ್ಷೆಯ ಮತ್ತು ದಡ ಸೇರಿದ ಆಮೆಗಳ ದಾಖಲೆಯನ್ನು ತೆಗೆದುಕೊಂಡು, ಪ್ಲಾಸ್ಟಿಕ್ಕಿನಿಂದಲೇ ಸತ್ತವೆಂದು ನಿಶ್ಚಯವಾದವುಗಳ ಕರುಳಿನಲ್ಲಿ ಎಷ್ಟು ಚೂರಿತ್ತು, ದೋಣಿ ತಾಗಿಯೋ ಮುಳುಗಿಯೋ ಬೇರೆ ಕಾರಣದಿಂದ ಸತ್ತವುಗಳಲ್ಲಿ ಎಷ್ಟಿತ್ತು ಎಂದು ಹೋಲಿಸಿ, ಚೂರುಗಳ ಸಂಖ್ಯೆಯಿಂದ ಮರಣದ ಸಂಭವನೀಯತೆಗೆ ಒಂದು ವಕ್ರರೇಖೆಯನ್ನೆಳೆದರು. ಒಂದೇ ಚೂರು ಇದ್ದಲ್ಲಿ ನೂರಕ್ಕೆ ಇಪ್ಪತ್ತೆರಡು. ಹದಿನಾಲ್ಕು ಚೂರಾದರೆ ನೂರಕ್ಕೆ ಐವತ್ತು.

ಮೈದುನ: ಇಲ್ಲಿ ಸಾಕ್ಷಿಯನ್ನು ಹಿಡಿದೆ. ಅವರ ಮುಂದೆ ಬಂದವೆಲ್ಲ ಸತ್ತ ಆಮೆಗಳು. ಒಂದು ಚೂರನ್ನು ನುಂಗಿ, ಎಂಟು ದಿನದಲ್ಲಿ ಹೊರಗೆ ಹಾಕಿ, ಸುಖವಾಗಿ ಈಜಿಕೊಂಡು ಹೋದ ಆಮೆ ಶವಪರೀಕ್ಷೆಯ ಮೇಜಿಗೆ ಏಕೆ ಬರುತ್ತದೆ? ಜೈಲಿನಲ್ಲಿದ್ದವರನ್ನು ಮಾತ್ರ ಕೇಳಿ ಊರಿನ ನಡತೆಯನ್ನು ನಿರ್ಧರಿಸಿದ ಹಾಗಾಯಿತಲ್ಲ.

ಭಾವ: ಭೇಷ್. ಆಕ್ಷೇಪಣೆಯಲ್ಲಿ ತಿರುಳಿದೆ, ಅದನ್ನು ನಾನು ತಳ್ಳಿಹಾಕುವುದಿಲ್ಲ. ಬೇರೆ ಕಾರಣದಿಂದ ಸತ್ತವುಗಳನ್ನು ಹೋಲಿಕೆಗೆ ಇಟ್ಟುಕೊಂಡದ್ದು ಆ ದೋಷವನ್ನು ತಗ್ಗಿಸಲಿಕ್ಕೇ, ಆದರೂ ಅದು ಪೂರಾ ಹೋಗದು. ಆದ್ದರಿಂದ ಆ ವಕ್ರರೇಖೆಯನ್ನು ಯಾರಾದರೂ ಸಮುದ್ರದ ಎಲ್ಲ ಆಮೆಗಳಿಗೂ ನೇರವಾಗಿ ಅನ್ವಯಿಸಿ, ಇಷ್ಟು ಪಾಲು ಸಾಯುತ್ತವೆ ಎಂದು ಹೇಳಹೊರಟರೆ ನೀನು ಏಳಬಹುದು, ನಿನ್ನ ಹಿಂದೆ ನಾನೂ ಏಳುತ್ತೇನೆ. ಅದೇ ದೇಶದ ಇನ್ನೊಂದು ಅಧ್ಯಯನ ಲೋಕದ ಕಡಲಾಮೆಗಳಲ್ಲಿ ನೂರಕ್ಕೆ ಐವತ್ತೆರಡು ಕಸ ತಿಂದಿರಬಹುದೆಂದು ಅಂದಾಜು ಮಾಡಿದೆ. ಈ ಐವತ್ತೆರಡನ್ನು ಆ ಇಪ್ಪತ್ತೆರಡರಿಂದ ಗುಣಿಸಿ ಗಾಬರಿಗೊಳ್ಳುವವರು ಉಂಟು. ಒಂದು ಜೀವಮಾನದಲ್ಲಿ ಎಂದೋ ತಿಂದದ್ದು ಬೇರೆ, ವರ್ಷವೊಂದರಲ್ಲಿ ಅದರಿಂದ ಸಾಯುವುದು ಬೇರೆ. ಮಾತೃಕೆಗೆ ಬೇಕಾದದ್ದು ಎರಡನೆಯದು.

ಮೈದುನ: ಹಾಗಾದರೆ ಆ ಎರಡನೆಯದು ದೊರೆಯದಿರುವಾಗ ಮಾತೃಕೆ ಹಿಡಿದು ಮಾಡುವುದೇನು?

ಭಾವ: ಆ ಸಂಖ್ಯೆ ಎಷ್ಟು ಸಣ್ಣದಾಗಿದ್ದರೂ ನಾವು ಅಂಜಬೇಕು ಎಂಬುದನ್ನು ಕಂಡುಕೊಳ್ಳಬಹುದು. ಕಾಗದ ತೆಗೆದುಕೋ. ಅಂಕಿಗಳು ನನ್ನ ಕಲ್ಪನೆಯವು; ಲೆಕ್ಕ ಮಾತ್ರ ಸುಳ್ಳಲ್ಲ. ಎಳೆಯ ಆಮೆಗಳು ಹತ್ತು ಸಾವಿರವೆನ್ನು. ಪ್ರಾಯಕ್ಕೆ ಬರಲು ಇಪ್ಪತ್ತು ವರ್ಷ. ಪ್ರತಿವರ್ಷ ನೂರಕ್ಕೆ ಎಂಬತ್ತು ಬದುಕುತ್ತವೆ. ಕೊನೆಗೆ ಎಷ್ಟು ಉಳಿದವು?

ಮೈದುನ: ನೂರಕ್ಕೆ ಎಂಬತ್ತರ ಇಪ್ಪತ್ತನೆಯ ಘಾತ... ನೂರ ಹದಿನೈದು.

ಭಾವ: ಈಗ ಮಾಲಿನ್ಯದಿಂದ ವರ್ಷಕ್ಕೆ ನೂರರಲ್ಲಿ ಒಂದು ಹೆಚ್ಚಾಗಿ ಸಾಯಲಿ, ಎಂಬತ್ತರ ಕಡೆ ಎಪ್ಪತ್ತೊಂಬತ್ತು ಇಡು.

ಮೈದುನ: ತೊಂಬತ್ತು! ನೂರಕ್ಕೆ ಒಂದರ ಕಥೆ ಹೇಳಿ ಐದರಲ್ಲೊಂದು ಪಾಲಿಗಿಂತ ಹೆಚ್ಚನ್ನು ನುಂಗಿಹಾಕಿತಲ್ಲ. ಇದು ಚಕ್ರಬಡ್ಡಿಯ ಲೆಕ್ಕ. ಸಾಲಗಾರನ ಮಗ್ಗುಲಿನಿಂದ ನೋಡಿದ ಚಕ್ರಬಡ್ಡಿ.

ಭಾವ: ಇಪ್ಪತ್ತು ವರ್ಷ ಕಾಯತಕ್ಕ ಪ್ರಾಣಿಗೆ ಸಣ್ಣ ಬಡ್ಡಿ ಎಂಬುದಿಲ್ಲ. ಇನ್ನೂ ಸೂಕ್ಷ್ಮವಾದದ್ದೊಂದುಂಟು. ಫ್ಲಾರಿಡಾದಲ್ಲಿ ಮೆಕಾಲೆ ಮತ್ತು ಕಾರೆನ್ ಬ್ಯೋರ್ನ್‌ಡಾಲ್ ಎಂಬಿಬ್ಬರು 1999ರಲ್ಲಿ ಒಂದು ಪ್ರಯೋಗವನ್ನು ಪ್ರಕಟಿಸಿದರು. ಲಾಗರ್‌ಹೆಡ್ ಮರಿಗಳಿಗೆ ಸತ್ತ್ವವಿಲ್ಲದ ವಸ್ತುವನ್ನು ಬೆರೆಸಿ ತೆಳುಮಾಡಿದ ಆಹಾರವನ್ನು ಕೊಟ್ಟು ನೋಡಿದರು. ಹೊಟ್ಟೆ ತುಂಬುತ್ತದೆ, ಪೋಷಣೆ ಸಿಕ್ಕದು. ಮರಿಗಳು ಹೆಚ್ಚು ತಿಂದು ಆ ಕೊರತೆಯನ್ನು ತುಂಬಿಕೊಳ್ಳಲಾರದೆ ಹೋದವು. ಕರುಳಿನಲ್ಲಿ ಪ್ಲಾಸ್ಟಿಕ್ ಕುಳಿತಾಗ ಆಗುವುದೂ ಇದೇ ಇರಬಹುದು. ಯಾವ ಆಮೆಯೂ ಸಾಯುವುದಿಲ್ಲ, ಬೆಳೆಯುವುದು ತಡವಾಗುತ್ತದೆ ಅಷ್ಟೆ. ಈಗ ಬದುಕುವ ಪ್ರಮಾಣವನ್ನು ಮತ್ತೆ ಎಂಬತ್ತಕ್ಕೇ ತಂದಿಡು. ಪ್ರಾಯಕ್ಕೆ ಬರುವುದನ್ನು ಮಾತ್ರ ಇಪ್ಪತ್ತರಿಂದ ಇಪ್ಪತ್ತೊಂದು ವರ್ಷಕ್ಕೆ ನೂಕು.

ಮೈದುನ: ತೊಂಬತ್ತೆರಡು.

ಭಾವ: ನೋಡಿದೆಯಾ? ವರ್ಷಕ್ಕೆ ನೂರಕ್ಕೊಂದನ್ನು ಕೊಂದ ವಿಷ ತೊಂಬತ್ತನ್ನು ಉಳಿಸಿತು. ಒಂದನ್ನೂ ಕೊಲ್ಲದೆ ಒಂದು ವರ್ಷ ತಡಮಾಡಿದ್ದು ತೊಂಬತ್ತೆರಡನ್ನು ಉಳಿಸಿತು. ತಡವಾದ ಆ ಒಂದು ವರ್ಷದಲ್ಲಿ ಬೀಳುವ ಇಪ್ಪತ್ತಮೂರು ಬಲೆಯಲ್ಲಿ ಬೀಳುತ್ತವೆ, ಶಾರ್ಕಿನ ಬಾಯಲ್ಲಿ ಬೀಳುತ್ತವೆ. ಯಾವ ವೈದ್ಯನೂ ಅವುಗಳ ಶವದ ಮೇಲೆ ಪ್ಲಾಸ್ಟಿಕ್ ಎಂದು ಬರೆಯಲಾರನು.

ಮೈದುನ: ಶವಪರೀಕ್ಷೆ ಸರಿಯಾಗಿದ್ದರೂ ತೀರ್ಪು ತಪ್ಪುವ ಮೊಕದ್ದಮೆ. ಇದು ನನ್ನ ವೃತ್ತಿಯಲ್ಲಿ ನಾನು ಕಂಡದ್ದಲ್ಲ. ಆದರೂ ಭಾವ, ಇವೆಲ್ಲ ಕಲ್ಪಿತ ಅಂಕಿಗಳು. ನಿಜವಾದ ಕೋರ್ಟಿನಲ್ಲಿ, ನಿಜವಾದ ಪ್ರತಿವಾದಿಯ ಎದುರು ಈ ಗಣಿತ ನಿಂತದ್ದುಂಟೆ?

ಭಾವ: ಹತ್ತಿರಕ್ಕೆ ಬಂದದ್ದುಂಟು. 2010ರ ಏಪ್ರಿಲ್ 20ರಂದು ಮೆಕ್ಸಿಕೊ ಕೊಲ್ಲಿಯಲ್ಲಿ ಡೀಪ್‌ವಾಟರ್ ಹೊರೈಜನ್ ಎಂಬ ತೈಲದ ಕಟ್ಟೆ ಸಿಡಿದು ಹನ್ನೊಂದು ಜನ ಕೆಲಸಗಾರರು ತೀರಿಕೊಂಡರು. ಬಾವಿಯಿಂದ ಎಂಬತ್ತೇಳು ದಿನ ಎಣ್ಣೆ ಉಕ್ಕಿತು. ಸತ್ತ ಆಮೆಗಳು ದಡಕ್ಕೆ ಬಂದದ್ದು ನೂರುಗಳ ಲೆಕ್ಕದಲ್ಲಿ. ಹಾನಿಯನ್ನು ಅಂದಾಜು ಮಾಡಿದವರು ಕೊಟ್ಟ ಸಂಖ್ಯೆ ಬೇರೆ: ದೊಡ್ಡವುಗಳಲ್ಲಿ 4,900ರಿಂದ 7,600, ಪಾಚಿಯ ಸಾಲಿನಲ್ಲಿ ವಾಸಿಸುವ ಸಣ್ಣ ಎಳೆಯವುಗಳಲ್ಲಿ 55,000ದಿಂದ 1,60,000.

ಮೈದುನ: ನೂರುಗಳಿಂದ ಲಕ್ಷಕ್ಕೆ ಹಾರಿದ್ದು ಹೇಗೆ?

ಭಾವ: ರಕ್ಷಣೆಯ ದೋಣಿಗಳು ಪಾಚಿಯ ಸಾಲಿನ ಗುಂಟ ನೇರವಾಗಿ ಸಾಗುತ್ತ ಕಂಡ ಆಮೆಗಳನ್ನು ಹಿಡಿದವು, ಗುರುತು ಹಾಕಿದವು. ದೋಣಿಯ ಮಗ್ಗುಲಲ್ಲೇ ಇದ್ದ ಅಂಗೈಯಗಲದ ಆಮೆ ಕಂಡೀತು. ಹತ್ತು ಮಾರು ಆಚೆಯದು ಅರ್ಧ ಕಂಡೀತು, ಅರ್ಧ ಕಾಣದು. ಇನ್ನೂ ಆಚೆಯದು ಕಾಣುವುದೇ ಇಲ್ಲ. ದೂರ ಹೆಚ್ಚಿದಂತೆ ಕಾಣುವ ಸಂಭವ ಇಳಿಯುವ ಈ ಕ್ರಮವನ್ನು ಅಂಕಿಗಳಿಂದ ಹಿಡಿದರೆ, ಕಂಡವುಗಳಿಂದ ಕಾಣದವುಗಳನ್ನು ಲೆಕ್ಕಹಾಕಬಹುದು. ಅದನ್ನು ಎಣ್ಣೆ ಹರಡಿದ ವಿಸ್ತಾರಕ್ಕೆ ಗುಣಿಸಿ, ಎಣ್ಣೆ ಮೆತ್ತಿಕೊಂಡವುಗಳಲ್ಲಿ ಎಷ್ಟು ಬದುಕವು ಎಂಬ ಇನ್ನೊಂದು ಅಂದಾಜನ್ನು ಕೂಡಿಸುವುದು.

ಮೈದುನ: ಐವತ್ತೈದು ಸಾವಿರದಿಂದ ಒಂದು ಲಕ್ಷ ಅರವತ್ತು ಸಾವಿರ! ಇದು ಉತ್ತರವೋ, ಸಂತೆಯ ಚೌಕಾಶಿಯೋ?

ಭಾವ: ಒಂದೇ ಸಂಖ್ಯೆಯನ್ನು ಕೊಟ್ಟಿದ್ದರೆ ನೀನು ನಂಬುತ್ತಿದ್ದೆ, ಅದು ಸುಳ್ಳಾಗುತ್ತಿತ್ತು. ಸರಪಣಿಯ ಒಂದೊಂದು ಕೊಂಡಿಯಲ್ಲೂ ಅನಿಶ್ಚಯವಿರುವಾಗ, ಪ್ರತಿಯೊಂದು ಕೊಂಡಿಗೂ ಸಂಭವವಿರುವ ಬೆಲೆಗಳಲ್ಲಿ ಒಂದನ್ನು ಚೀಟಿಯೆತ್ತಿದಂತೆ ಆರಿಸಿ ಲೆಕ್ಕ ಮಾಡಿ, ಅದನ್ನೇ ಸಾವಿರಾರು ಸಲ ಮಾಡಿ, ಬಂದ ಉತ್ತರಗಳೆಲ್ಲ ಎಲ್ಲಿಂದ ಎಲ್ಲಿಗೆ ಹರಡಿವೆ ಎಂದು ನೋಡುವ ಕ್ರಮ ಒಂದುಂಟು. ಜೂಜಿನ ಊರಾದ ಮಾಂಟೆ ಕಾರ್ಲೋದ ಹೆಸರನ್ನೇ ಅದಕ್ಕಿಟ್ಟಿದ್ದಾರೆ. ವ್ಯಾಪ್ತಿ ಅಗಲವಾಗಿ ಬಂದರೆ ಗಣಿತ ಸೋತಿತೆಂದಲ್ಲ. ಯಾವ ಕೊಂಡಿ ಅದನ್ನು ಹಿಗ್ಗಿಸಿತು ಎಂದು ಹುಡುಕುವುದಕ್ಕೆ ಮುಂದಿನ ಕೆಲಸ ಸಿಕ್ಕಿತೆಂದು.

ಮೈದುನ: ಮೊಕದ್ದಮೆ ಏನಾಯಿತು?

ಭಾವ: 2016ರಲ್ಲಿ ರಾಜಿಯಾಯಿತು. ಪ್ರಕೃತಿಗಾದ ಒಟ್ಟು ನಷ್ಟಕ್ಕೆ, ಆಮೆ ಹಕ್ಕಿ ಜೌಗು ಎಲ್ಲವೂ ಸೇರಿ, 880 ಕೋಟಿ ಡಾಲರಿನವರೆಗೆ ಕೊಡಲು ಆ ಬಾವಿಯ ಕಂಪೆನಿ ಒಪ್ಪಿತು.

ಮೈದುನ: ರಾಜಿ ತೀರ್ಪಲ್ಲ, ಭಾವ. ಪಾಟೀಸವಾಲಿಗೆ ಅಂಜಿದವರು ಇಬ್ಬರೂ ಇರಬಹುದು.

ಭಾವ: ಇರಬಹುದು. ನನಗೆ ಅದಕ್ಕಿಂತ ಹೆಚ್ಚು ಕುತೂಹಲ ಹುಟ್ಟಿಸುವುದು ಇನ್ನೊಂದು. ಒಂದು ಲಕ್ಷ ಅರವತ್ತು ಸಾವಿರ ಎಂದೊಡನೆ ಜನ ಉಸಿರುಬಿಡುತ್ತಾರೆ, ಏಳು ಸಾವಿರಕ್ಕೆ ತಲೆಯಾಡಿಸುತ್ತಾರೆ. ಮುಂದಿನ ಸಂತತಿಗೆ ಒಂದೊಂದು ಪ್ರಾಣಿ ಎಷ್ಟು ತೂಗುತ್ತದೆ ಎಂಬುದನ್ನು ಅಳೆಯುವ ಕಲ್ಪನೆಯನ್ನು 1930ರಲ್ಲಿ ಫಿಷರ್ ಕೊಟ್ಟನು. ಆ ಏಳು ಹಂತಗಳ ಲಾಗರ್‌ಹೆಡ್ ಮಾತೃಕೆಯಲ್ಲಿ ಅದನ್ನು ಲೆಕ್ಕ ಮಾಡಿದರೆ, ಒಂದು ಮೊಟ್ಟೆಯ ತೂಕ ಒಂದು. ಸಣ್ಣ ಎಳೆಯದರ ತೂಕ ಒಂದೂವರೆಯೂ ಇಲ್ಲ, 1.4, ಪಕ್ವವಾದ ತಾಯಿಯ ತೂಕ ಸುಮಾರು 588. ಕೊಲ್ಲಿಯಲ್ಲಿ ಸತ್ತವು ಬೇರೆ ಬೇರೆ ಜಾತಿಯವು, ಆದ್ದರಿಂದ ಇದೇ ತೂಕವನ್ನು ಅವಕ್ಕೆ ಹಚ್ಚಬಾರದು. ಆದರೆ ತಲೆಯೆಣಿಕೆಯಲ್ಲಿ ದೊಡ್ಡದಾಗಿ ಕಂಡದ್ದೇ ಹಾನಿಯಲ್ಲಿಯೂ ದೊಡ್ಡದೆಂದು ಯಾರೂ ಭಾವಿಸಕೂಡದು.

ಮೈದುನ: ಸತ್ತವುಗಳನ್ನು ಬಿಡಿ, ಬದುಕಿರುವವು ಏನು ಹೇಳಿದವು? ಅದೇ ಕೊಲ್ಲಿಯಲ್ಲಿ ಕೆಂಪ್ಸ್ ರಿಡ್ಲೆ ಎಂಬ ಆಮೆ ಉಂಟೆಂದು ಓದಿದೆ. ಮೆಕ್ಸಿಕೊದ ರಾಂಚೊ ನ್ಯೂವೊ ದಡದಲ್ಲಿ 1947ರಲ್ಲಿ ತೆಗೆದ ಒಂದು ಚಲನಚಿತ್ರದಲ್ಲಿ ಒಂದೇ ದಿನ ಸಾವಿರ ಸಾವಿರ ತಾಯಾಮೆಗಳು ಮೊಟ್ಟೆಯಿಡಲು ಮೇಲೆ ಹತ್ತಿದ್ದವು. 1985ಕ್ಕೆ ವರ್ಷವಿಡೀ ಸಿಕ್ಕ ಗೂಡುಗಳು 702. ಆಮೇಲೆ ದಡದ ಕಾವಲು, ಬಲೆಯ ಟೆಡ್, ಎರಡೂ ಕೂಡಿ ಸಂಖ್ಯೆ ಮೇಲೆ ಮೇಲೆ ಏರಿತು. ಎಣ್ಣೆ ಚೆಲ್ಲಿದ 2010ರಲ್ಲಿ ಗೂಡುಗಳು ಹಿಂದಿನ ವರ್ಷಕ್ಕಿಂತ ಮೂರರಲ್ಲೊಂದು ಪಾಲು ಕುಸಿದವು. ಇದಕ್ಕಿಂತ ನೇರವಾದ ಸಾಕ್ಷ್ಯ ಬೇಕೆ?

ಭಾವ: ಈಗ ಪಾಟೀಸವಾಲು ನನ್ನದು. ಎಣ್ಣೆ ಉಕ್ಕತೊಡಗಿದ್ದು ಏಪ್ರಿಲ್ ಕೊನೆಯಲ್ಲಿ; ಮೊಟ್ಟೆಯಿಡುವ ಋತು ಆಗಲೇ ಹತ್ತಿರವಾಗಿತ್ತು. ಆ ವರ್ಷ ಗೂಡು ಮಾಡಬೇಕಾಗಿದ್ದ ತಾಯಿ ಅದಕ್ಕೆ ಬೇಕಾದ ಕೊಬ್ಬನ್ನು ಹಿಂದಿನ ವರ್ಷವೇ ಕೂಡಿಸಿರಬೇಕು. ಹಿಂದಿನ ಚಳಿಗಾಲವೂ ವಿಪರೀತವಾಗಿತ್ತು. ಇಷ್ಟಲ್ಲದೆ 2011, 2012ರಲ್ಲಿ ಗೂಡುಗಳು ಮತ್ತೆ ಹೆಚ್ಚಿ, 2013ರಲ್ಲೂ 2014ರಲ್ಲೂ ಮತ್ತೆ ಇಳಿದವು. ಕುಸಿತವೆಲ್ಲ ಎಣ್ಣೆಯದೇ ಎಂದು ನೀನು ಹಟ ಹಿಡಿದರೆ, ಎದ್ದದ್ದಕ್ಕೆ ಯಾರನ್ನು ಹೊಣೆಮಾಡುವೆ?

ಮೈದುನ: ಹಾಗಾದರೆ ಎಣ್ಣೆ ನಿರಪರಾಧಿ ಎಂದೇ?

ಭಾವ: ಅವಸರ ಬೇಡ. ಪಾಚಿಯ ಸಾಲಿನಲ್ಲಿ ಸತ್ತ ಎರಡು ವರ್ಷದ ಎಳೆಯದು, ಸಾಯದಿದ್ದರೆ, ದಡ ಹತ್ತಬೇಕಾಗಿದ್ದುದು ಸುಮಾರು ಹತ್ತು ವರ್ಷದ ಮೇಲೆ. ಅದರ ಗೈರುಹಾಜರಿ ಮರಳಿನ ಮೇಲೆ ದಾಖಲಾಗುವ ಹೊತ್ತಿಗೆ ಬೇಸಗೆಗಳು ಬದಲಾಗಿರುತ್ತವೆ, ಅವು ತಿನ್ನುವ ಏಡಿಗಳು ಹೆಚ್ಚೋ ಕಡಮೆಯೋ ಆಗಿರುತ್ತವೆ, ಬಲೆಗಳ ಸಂಖ್ಯೆ ಬೇರೆಯಾಗಿರುತ್ತದೆ. ನಾವು ಎಣಿಸಬಲ್ಲದ್ದು ಗೂಡುಗಳನ್ನು ಮಾತ್ರ, ಅವಾದರೋ ಒಂದು ದಶಕದ ಹಿಂದಿನ ಸಮುದ್ರದ ಸುದ್ದಿ. ಇಂದಿನ ಸುದ್ದಿ ಬೇಕೆಂದರೆ ಎಣಿಕೆಗೆ ಸಿಕ್ಕದ ಹಂತಗಳನ್ನು ಮಾತೃಕೆಯಲ್ಲಿ ಬರೆದುಕೊಂಡು ನಡೆಸದೆ ಬೇರೆ ದಾರಿ ನನಗೆ ಕಾಣದು.

ಮೈದುನ: ಆ ಕಾಗದವನ್ನು ಇತ್ತ ಕೊಡಿ. ವಿಷ ಕೊಲ್ಲುವುದೂ ತಡಮಾಡುವುದೂ ಎರಡೂ ಒಟ್ಟಿಗೆ ನಡೆಯಬಹುದಲ್ಲವೆ? ಎಪ್ಪತ್ತೊಂಬತ್ತನ್ನೂ ಇಡುತ್ತೇನೆ, ಇಪ್ಪತ್ತೊಂದು ವರ್ಷವನ್ನೂ ಇಡುತ್ತೇನೆ. ಎಪ್ಪತ್ತೊಂದು ಬಂತು. ನೂರ ಹದಿನೈದು ಇದ್ದದ್ದು ಎಪ್ಪತ್ತೊಂದು.

ಭಾವ: ಸರಿಯಾಗಿದೆ. ಇನ್ನು ಆ ಎಪ್ಪತ್ತೊಂಬತ್ತನ್ನು ಅಳೆದವನು ಯಾರು, ಎಲ್ಲಿ ಅಳೆದನು, ಎಷ್ಟು ಆಮೆಗಳಿಗೆ ಗುರುತು ಕಟ್ಟಿ ಎಷ್ಟು ವರ್ಷ ಹಿಂಬಾಲಿಸಿದನು ಎಂದು ನನ್ನನ್ನು ಕೇಳು.

ಮೈದುನ: ಕೇಳಿದೆ.

ಭಾವ: ಯಾರೂ ಅಳೆದಿಲ್ಲ, ಅದು ನಾನು ಹೇಳಿದ ಅಂಕಿ. ಅಳೆಯಬೇಕಾದರೆ ದಡದಲ್ಲಿ ನಿಂತರೆ ಸಾಲದು. ನಡುಗಡಲಿನಲ್ಲಿ ಎಳೆಯವುಗಳನ್ನು ಹಿಡಿದು, ಗುರುತು ಹಾಕಿ, ಬಿಟ್ಟು, ಮತ್ತೆ ಮತ್ತೆ ಹಿಡಿಯಬೇಕು, ಅದೂ ಒಬ್ಬನ ಉದ್ಯೋಗಾವಧಿ ಮುಗಿಯುವಷ್ಟು ಕಾಲ.

ಮೈದುನ: ಅಷ್ಟು ದೀರ್ಘವಾದ ವಾಯಿದೆಗೆ ಹಣ ಕೊಡುವ ಕಕ್ಷಿದಾರ ಯಾರು, ಭಾವ?

ಭಾವ: ಗೂಡಿನ ಬೇಲಿಗೆ ಕೊಡುವವರು ಇದ್ದಾರೆ, ಅವರ ವಂತಿಗೆಯಲ್ಲಿ ಇದಕ್ಕೂ ಒಂದು ಪಾಲು ತೆಗೆದಿಡಿ ಎಂದು ಕೇಳಿ ನೋಡಬೇಕು. ಅರ್ಜಿಯನ್ನು ನೀನು ಬರೆ, ಕೋಷ್ಟಕವನ್ನು ನಾನು ಹಾಕಿಕೊಡುತ್ತೇನೆ.